ಮೂಳೆ ಕೂಡಿದ್ದು ಸಾಗರದಲ್ಲಿ, ತೆಂಗಿನಕಾಯಿ ಹಾಲಮ್ಮನಿಗೆ

ಬೆಳಗಿನ ಆರೂವರೆ. ಸಾಗರದ ಖಾಸಗಿ ಆಸ್ಪತ್ರೆಯೊಂದರ ಪ್ಲಾಸ್ಟರ್ ಕೋಣೆಯಲ್ಲಿ ಶಿವಮೂರ್ತಿ ಬಕೆಟ್‌ಗೆ ನೀರು ತುಂಬುತ್ತಿದ್ದಾರೆ. ಬೆಂಚಿನ ಮೇಲೆ ಬಸ್ ಕಂಡಕ್ಟರ್ ಉಮೇಶ್. ಆರು ವಾರದ ಹಿಂದೆ ಫುಟ್‌ಬೋರ್ಡ್‌ನಿಂದ ಜಾರಿ ಬಲ ಮೊಣಕೈ ಮುರಿದುಕೊಂಡವರು. ಮೂರು ವಾರ ಪ್ಲಾಸ್ಟರ್, ಮೂರು ವಾರ ವ್ಯಾಯಾಮ ಮುಗಿದಿದೆ. ಇವತ್ತು ಕೈ ಪೂರ್ತಿ ಮಡಚಲು ಬಂದರೆ ಮಾತ್ರ ಡ್ಯೂಟಿ.

ಐವತ್ತೆರಡರ ಶಿವಮೂರ್ತಿಗೆ ಈ ಕೋಣೆಯಲ್ಲಿ ಇದು ಇಪ್ಪತ್ತಾರನೇ ವರ್ಷ. ಎಕ್ಸ್‌ರೇ ನೋಡಿ ತೀರ್ಮಾನಿಸುವುದು ಡಾಕ್ಟರ್. ಮೂಳೆ ಜಾಗ ಬಿಟ್ಟು ಸರಿದಿದ್ದರೆ ಹೆಚ್ಚಾಗಿ ಆಪರೇಷನ್. ಉಳಿದವರಿಗೆ ಪ್ಲಾಸ್ಟರ್ ಹಾಕುವುದು ಇವರು. ವಾರಕ್ಕೆ ಐದಾರು ಮೊಣಕೈ, ಮಳೆಗಾಲದಲ್ಲಿ ಹತ್ತು. ಹಾಕಿದ ಮೇಲೆ ರೋಗಿಯ ಉಗುರು ಒತ್ತಿ ಬಿಡುತ್ತಾರೆ. ಬೆಳ್ಳಗಾದ ಉಗುರಿಗೆ ಕೆಂಪು ಮರಳದೆ ಯಾರನ್ನೂ ಏಳಗೊಡುವುದಿಲ್ಲ. "ಬಿಗಿಯಾಗಿ ರಕ್ತ ನಿಂತ್ರೆ ಕೈಯೇ ಹೋಗ್ತದೆ," ಎನ್ನುತ್ತಾರೆ.

ಅವರ ಹೊಟ್ಟೆಯೊಳಗೊಂದು ಕಿಚ್ಚಿದೆ. ಕಾರಣ ಹಾಲಮ್ಮ, ರಿಪ್ಪನ್‌ಪೇಟೆ ಬಳಿಯ ನಾಟಿ ವೈದ್ಯೆ. ಮೂಳೆ ಕೂಡಿದವರು ಎಲೆ-ಅಡಿಕೆ, ತೆಂಗಿನಕಾಯಿ ಒಯ್ದು ಅವರಿಗೆ ಕೈಮುಗಿದು ಬರುತ್ತಾರೆ. ಶಿವಮೂರ್ತಿ ಪ್ಲಾಸ್ಟರ್ ಹಾಕಿದವರೂ ಒಯ್ಯುವುದು ಅಲ್ಲಿಗೇ! "ನಂಗೆ ಇಷ್ಟು ವರ್ಷದಲ್ಲಿ ಬಂದಿದ್ದು ಒಂದು ಡೈರಿ. ಅದೂ ಔಷಧಿ ಕಂಪನಿಯೋರ್ದು."

ಕಳೆದ ತಿಂಗಳು ತಡೆಯಲಾರದೆ ಹೋಗಿಯೇ ಬಿಟ್ಟರು. ಎಣ್ಣೆ ತಿಕ್ಕಿ ಮೊಣಕೈ ಕೆಡಿಸುತ್ತೀರಿ ಎಂದು ಜಗಳ ತೆಗೆಯುವ ಹುಮ್ಮಸ್ಸು. ಅಂಗಳದಲ್ಲಿ ಹದಿನಾಲ್ಕು ಜನ. ಊದಿದ ಮೊಣಕೈಯೊಂದನ್ನು ಹಾಲಮ್ಮ ಮುಟ್ಟಲೂ ಇಲ್ಲ. "ಇದ್ನ ತಿಕ್ಬಾರ್ದು ಮಾರಾಯ, ಸೆಟೆದು ಹೋಗ್ತದೆ. ಸಾಗರದಲ್ಲಿ ಶಿವಮೂರ್ತಿ ಅಂತ ಇದಾರೆ, ಅವ್ರ ಹತ್ರ ಹೋಗು," ಎಂದರು.

ಶಿವಮೂರ್ತಿ ತಾನಾರೆಂದು ಹೇಳದೆ ಬಸ್ ಹತ್ತಿದರು. ನಿಮ್ಮನ್ನು ಯಾರು ಕಳಿಸಿದ್ದು ಎಂದು ಇಷ್ಟು ವರ್ಷ ಪ್ಲಾಸ್ಟರ್‌ಗೆ ಬಂದ ಒಬ್ಬರನ್ನೂ ಕೇಳಿರಲಿಲ್ಲ.

ಹಾಗಾದರೆ ಕಿಚ್ಚು ಆರಿತೇ? "ಎಲ್ಲಿ ಆರ್ತದೆ? ಆಯಮ್ಮ ಒಳ್ಳೇವ್ರು ಬೇರೆ. ಬೈಯೋಕೂ ಆಗಲ್ಲ. ಇನ್ನೂ ಜಾಸ್ತಿ ಆಗಿದೆ."

ಉಮೇಶ್ ಕೈ ಮಡಚುತ್ತಾರೆ. ಬೆರಳು ಗಲ್ಲ ದಾಟಿ ಭುಜ ಮುಟ್ಟುತ್ತದೆ. ಒಂಬತ್ತಕ್ಕೆ ಬಂದ ಡಾಕ್ಟರ್ ಪರೀಕ್ಷಿಸಿ ಚೀಟಿಗೆ ಸಹಿ ಹಾಕುತ್ತಾರೆ. ಹೊರಡುವಾಗ ಉಮೇಶ್‌ರ ಎಡಗೈಯಲ್ಲಿನ ಚೀಲದಿಂದ ತೆಂಗಿನಕಾಯಿಯ ಜುಟ್ಟು ಇಣುಕುತ್ತಿದೆ.

"ಯಾರಿಗ್ರೀ ಅದು?"

"ಹಾಲಮ್ಮಂಗೆ ಸಾರ್. ನಿಮ್ಮ ಹತ್ರ ಕಳ್ಸಿದ್ದು ಅವ್ರೇ ಅಲ್ವಾ?"

ಶಿವಮೂರ್ತಿಯ ಮುಖ ಹುಳ್ಳಗಾಗುತ್ತದೆ. ಬಾಗಿಲವರೆಗೂ ಹೋಗಿ ಚೀಲವನ್ನು ಉಮೇಶ್‌ರ ಬಲಗೈಗೆ ಬದಲಿಸುತ್ತಾರೆ.

"ಈ ಕೈಯಲ್ಲೇ ಹಿಡ್ಕೊಂಡು ಹೋಗ್ರಿ. ಆಯಮ್ಮನೂ ನೋಡ್ಲಿ."