ಸದ್ದು ತೆಗೆದು ಸಿನಿಮಾ ನೋಡುವ ಡಿಸ್ಕಕ್ಕ

ಬೀದಿ ದೀಪಗಳು ಇನ್ನೂ ಆರಿಲ್ಲ. ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಟಿವಿ ಮಾತ್ರ ಗಟ್ಟಿಯಾಗಿ ಮಾತಾಡುತ್ತಿದೆ. ಎದುರಿಗೆ ಸ್ಟೂಲಿನ ಮೇಲೆ ಕೂತ ಹೆಂಗಸಿನ ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಆರಿಹೋದ ಚಹಾ. ತೆರೆಯ ಮೇಲೆ ಯಾರೋ ಯಾರನ್ನೋ ಬೀಳ್ಕೊಡುತ್ತಿದ್ದಾರೆ, ಕಣ್ಣೀರೋ ಧಾರಾಕಾರ. ಈಕೆ ಆಕಳಿಸುತ್ತ ರಿಮೋಟು ಒತ್ತುತ್ತಾರೆ. ಕಥೆ ಜಿಗಿಯುತ್ತದೆ, ಈಗಷ್ಟೇ ಅಳುತ್ತಿದ್ದವಳಿಗೆ ಮದುವೆಯಾಗಿ ಮಗುವೂ ಆಗಿದೆ. "ತುಟಿ, ಮಾತು ಎರಡೂ ಕೂಡ್ತಿವೆ," ಎಂದು ತಮಗೆ ತಾವೇ ಹೇಳಿಕೊಂಡು ಮತ್ತೊಮ್ಮೆ ಒತ್ತುತ್ತಾರೆ.

ಈ ಅವಸರಕ್ಕೆ ಕಾರಣವಿದೆ. ಗಂಡ ಗೋದಾಮೊಂದರಲ್ಲಿ ರಾತ್ರಿ ಕಾವಲುಗಾರ. ಬೆಳಗಾದ ಮೇಲೆ ಮನೆಗೆ ಬಂದು ಇದೇ ಕೋಣೆಯಲ್ಲಿ ಕಾಲು ಚಾಚುತ್ತಾರೆ. ಅವರು ಮಲಗಿದರೆಂದರೆ ಟಿವಿಯ ಬಾಯಿಗೆ ಬೀಗ. ಅಷ್ಟರೊಳಗೆ ಸದ್ದಿನ ಪರೀಕ್ಷೆ ಮುಗಿಯಬೇಕು, ಉಳಿದ ಕೆಲಸವೆಲ್ಲ ಸದ್ದಿಲ್ಲದೆ, ಬರೀ ಕಣ್ಣಿನಲ್ಲೇ ಆಗಬೇಕು. ಇಯರ್‌ಫೋನ್ ಹಾಕಿಕೊಳ್ಳಬಾರದೇ ಎಂದು ಕೇಳುವ ಜಾಣರಿಗೆ ಅವರ ಉತ್ತರ ಸಿದ್ಧವಿದೆ: "ಕಿವಿ ಸೋರುತ್ತೆ. ಒಳಗೆ ಏನೂ ತುರುಕಬೇಡಿ ಅಂತ ಡಾಕ್ಟ್ರು ಹೇಳಿದಾರೆ. ಸಿನಿಮಾ ನೋಡೋಕೆ ಹೋಗಿ ಕಿವುಡಿ ಆಗ್ಲಾ?"

ಸುತ್ತಲಿನವರಿಗೆ ಇವರು ಡಿಸ್ಕಕ್ಕ. ಗಂಡ ಹೆಂಡತಿ ಸೇರಿ ಒಂದು ಕಾಲಕ್ಕೆ ಸಿನಿಮಾ ಡಿಸ್ಕ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಿದ್ದರು. ಶನಿವಾರ ಸಂಜೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಮೇಲೆ ಜನ ಫೋನಿನೊಳಗೆ ತಲೆ ಹಾಕಿದರು, ಅಂಗಡಿಗೆ ಬೆನ್ನು ಹಾಕಿದರು. ಈಗ ಅಲ್ಲಿ ಕನ್ನಡಕ ಮಾರುತ್ತಾರೆ. ಆದರೆ ಜನ ದುಡ್ಡು ಕೊಟ್ಟು ಕೊಂಡ ಡಿಸ್ಕ್‌ಗಳು ಬೀರುಗಳಲ್ಲಿ ಹಾಗೇ ಉಳಿದಿದ್ದವು. ಹಾಕಿ ನೋಡೋಣವೆಂದರೆ ಪ್ಲೇಯರ್ ಕೆಟ್ಟಿರುತ್ತದೆ, ರಿಪೇರಿ ಮಾಡುವವರಿಲ್ಲ. ಡಿಸ್ಕಕ್ಕ ಅವನ್ನು ಮನೆಗೆ ತಂದು ಒಂದೊಂದನ್ನೇ ಹಾರ್ಡ್ ಡಿಸ್ಕಿಗೆ ಇಳಿಸಿ, ಟಿವಿ ಕೆಳಗೆ ಇಡುವ ಪುಟ್ಟ ಮೀಡಿಯಾ ಪ್ಲೇಯರ್‌ಗೆ ಜೋಡಿಸಿ ಕೊಡುತ್ತಾರೆ. ಅಲ್ಲಿಂದ ಮುಂದೆ ಡಿಸ್ಕ್ ಹಾಕುವ, ತೆಗೆಯುವ ಗೋಳಿಲ್ಲ. ರಿಮೋಟು ಒತ್ತಿದರೆ ಸಿನಿಮಾ.

ಕೇಳಲು ಸುಲಭ. ಆದರೆ ಬರುವ ಡಿಸ್ಕ್‌ಗಳ ಅವತಾರ ನೋಡಬೇಕು. ಮಕ್ಕಳು ಆಡಿದ್ದು, ಜಿಡ್ಡು ಮೆತ್ತಿದ್ದು, ಯಾರೋ ಲೋಟದ ಕೆಳಗೆ ಇಟ್ಟಿದ್ದು. ಸೋಪು ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತಾರೆ. ಸುತ್ತ ತಿರುಗಿಸಿ ಒರೆಸಿದರೆ ಇದ್ದ ಗೀರಿನ ಜೊತೆ ಹೊಸದೂ ಸೇರುತ್ತದಂತೆ. ತೀರಾ ಹಟ ಮಾಡುವ ಗೀರಿಗೆ ಹಲ್ಲುಜ್ಜುವ ಪೇಸ್ಟು ತಿಕ್ಕುತ್ತಾರೆ. ಇಳಿಸಿದ ಮೇಲೆ ಪೂರ್ತಿ ನೋಡಲೇಬೇಕು. "ಇಲ್ದಿದ್ರೆ ಕ್ಲೈಮ್ಯಾಕ್ಸಲ್ಲಿ ಹೀರೋ ಕೈ ಎತ್ತಿದೋನು ಎತ್ತಿದ ಹಾಗೇ ನಿಂತ್ಬಿಡ್ತಾನೆ. ಅವ್ರು ನನ್ನ ಬೈಯೋದು, ಅವನನ್ನಲ್ಲ," ಎನ್ನುತ್ತಾರೆ.

ಹೀಗೆ ನೋಡಿ ನೋಡಿ ಕಣ್ಣು ಸೋತಿದೆ. ಸಂಜೆಯಾದರೆ ಮರಳು ಬಿದ್ದಂತೆ ಉರಿ. ಟಿವಿ ಮುಂದೆ ಕೂರುವುದನ್ನು ಬಿಡಿ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಗಂಡನಿಗೂ ಮಾತು ಕೊಟ್ಟಾಗಿದೆ: ಡ್ರೈವರ್ ಮಾವನ ಸೂಟ್‌ಕೇಸು ಮುಗಿದ ದಿನ ಈ ಕೆಲಸಕ್ಕೆ ದೊಡ್ಡ ನಮಸ್ಕಾರ. ಆದರೆ ಆ ಸೂಟ್‌ಕೇಸೇ ಈಗ ಮುಗಿಯಲೊಲ್ಲದು.

ಸುತ್ತಲಿನವರೆಲ್ಲ ಡ್ರೈವರ್ ಮಾವ ಎಂದು ಕರೆಯುವ ಇವರು ಜೀವನಪೂರ್ತಿ ಬಸ್ಸು ಓಡಿಸಿದವರು. ಊರೂರು ಸುತ್ತುವಾಗ ಕೊಂಡ ಡಿಸ್ಕ್‌ಗಳನ್ನು ಒಂದು ಸೂಟ್‌ಕೇಸಿನ ತುಂಬ ಕೂಡಿಟ್ಟಿದ್ದರು, ನಿವೃತ್ತಿಯಾದ ಮೇಲೆ ಪುರುಸೊತ್ತಾಗಿ ನೋಡಲೆಂದು. ನಿವೃತ್ತಿಯೂ ಬಂತು, ಹಿಂದೆಯೇ ಸಕ್ಕರೆ ಕಾಯಿಲೆ ಕಣ್ಣುಗಳನ್ನು ತೆಗೆದುಕೊಂಡು ಹೋಯಿತು. ಕಣ್ಣು ಹೋದರೂ ಸಿನಿಮಾ ಬಿಡೆ ಎಂಬುದು ಅವರ ಪಾಲಿಗೆ ಉಳಿದ ಒಂದೇ ಹಟ. ಕೇಳಿಯಾದರೂ ನೋಡಲಿ ಎಂದು ಅವರ ಸೊಸೆ ಸೂಟ್‌ಕೇಸನ್ನು ಡಿಸ್ಕಕ್ಕನಿಗೆ ಒಪ್ಪಿಸಿದರು. ರಿಮೋಟಿನ ಗುಂಡಿ ಬೆರಳಿಗೆ ಸಿಗಲೆಂದು ಅದರ ಮೇಲೆ ಬಟ್ಟೆಯ ಚೂರು ಅಂಟಿಸಿಕೊಟ್ಟವರೂ ಡಿಸ್ಕಕ್ಕನೇ.

ಎಡವಟ್ಟಾದದ್ದು ಅದಾದ ಮೇಲೆ. ಕೆಲವು ಡಿಸ್ಕ್‌ಗಳಲ್ಲಿ ಒಂದೇ ಸಿನಿಮಾಕ್ಕೆ ಎರಡು ಧ್ವನಿ ಇರುತ್ತವೆ. ಒಂದು ಸಿನಿಮಾದ್ದು. ಇನ್ನೊಂದರಲ್ಲಿ ಅದನ್ನು ಮಾಡಿದವರೇ ಕೂತು, ತಮ್ಮ ಚಿತ್ರ ನೋಡುತ್ತ ಉದ್ದಕ್ಕೂ ಹರಟಿರುತ್ತಾರೆ. ಜ್ವರ ಬಂದು ಬೆಳಗ್ಗೆ ಏಳಲಾಗದ ಒಂದು ದಿನ ಡಿಸ್ಕಕ್ಕ ಆ ಹರಟೆಯ ಧ್ವನಿಯನ್ನೇ ಇಳಿಸಿಬಿಟ್ಟರು. ಆಮೇಲೆ ಸದ್ದು ತೆಗೆದೇ ಪೂರ್ತಿ ನೋಡಿದರು. ಚಿತ್ರ ಸೊಗಸಾಗಿತ್ತು. ಕಣ್ಣಿಲ್ಲದ ಮನುಷ್ಯನಿಗೆ ಕಣ್ಣಿನಲ್ಲೇ ಪರೀಕ್ಷೆ ಮಾಡಿದ ಸಿನಿಮಾ ತಲುಪಿತು.

ಧ್ವನಿ ತಪ್ಪಿದ್ದು ಸೊಸೆಯಿಂದ ಗೊತ್ತಾಯಿತು. ಸರಿ ಮಾಡಿದ ಸಿನಿಮಾ ಹಿಡಿದು ಓಡಿದರು. ಮಾವ ಬಾಗಿಲಲ್ಲೇ ತಡೆದರು. "ಅದನ್ನ ಬದಲಾಯಿಸ್ಬೇಡ ತಾಯಿ. ಅದ್ರಲ್ಲಿ ಒಬ್ಬ ಮಾತಾಡ್ತಾನೆ ನೋಡು, ಈಗ ಅವಳು ಕಿಟಕಿ ಹತ್ರ ಬಂದ್ಲು, ಹಸಿರು ಕೋಟು ಹಾಕಿದಾಳೆ, ಹಿಂದೆ ಮಳೆ, ಆ ಮಳೆ ನಾವು ಪೈಪಲ್ಲಿ ಬಿಟ್ಟಿದ್ದು ಅಂತಾನೆ. ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು ಕಣಮ್ಮ. ಕಣ್ಣು ಹೋದ್ಮೇಲೆ ನಾನು ನೋಡಿದ ಮೊದಲ್ನೇ ಸಿನಿಮಾ ಅದು. ಮಿಕ್ಕಿದ್ದೂ ಹಾಗೇ ಮಾಡಿಕೊಡು."

ಮಿಕ್ಕ ಯಾವುದರಲ್ಲೂ ಅಂಥ ಧ್ವನಿ ಇರಲಿಲ್ಲ. ಇಲ್ಲ ಎಂದು ಹೇಳಲು ಡಿಸ್ಕಕ್ಕನಿಗೆ ನಾಲಿಗೆ ಹೊರಳಲಿಲ್ಲ. ಅಂದಿನಿಂದ ಮಧ್ಯಾಹ್ನ, ಗಂಡ ಗೊರಕೆ ಹೊಡೆಯುವ ಹೊತ್ತಿಗೆ, ಇಳಿಸಿದ ಸಿನಿಮಾ ಹಿಡಿದುಕೊಂಡು ಎರಡು ಬೀದಿ ದಾಟಿ ಮಾವನ ಮನೆಗೆ ಹೋಗುತ್ತಾರೆ. ಹೇಗೂ ನೋಡಲೇಬೇಕಾದದ್ದನ್ನು ಅಲ್ಲಿ ಸದ್ದಿಟ್ಟು ನೋಡುತ್ತಾರೆ, ನೋಡಿದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾರೆ.

ಮೊದಮೊದಲು ದೊಡ್ಡ ಫಜೀತಿ. "ಈಗ ಇವ್ನು ಸಾಯ್ತಾನೆ ಮಾವ," ಎಂದುಬಿಟ್ಟರು ಒಮ್ಮೆ. ಎಷ್ಟು ಸಲ ನೋಡಿದ ಸಿನಿಮಾವೋ ಏನೋ. ಮಾವನಿಗೆ ಸಿಟ್ಟು ನೆತ್ತಿಗೇರಿತು. "ಅವನು ಸತ್ತ ಮೇಲೆ ಹೇಳಮ್ಮ. ಮುಂಚೆ ಹೇಳಿದ್ರೆ ನಾನ್ಯಾಕೆ ಕೂತಿರ್ಲಿ?"

ಇವತ್ತಿನ ಸಿನಿಮಾದಲ್ಲಿ ಬಸ್ಸು ಬಂದಿದೆ. ಮಾವ ಕುರ್ಚಿಯ ತುದಿಗೆ ಬರುತ್ತಾರೆ.

"ಯಾವ ಬಣ್ಣ?"

"ಕೆಂಪು. ಮುಂದೆ ಒಂದು ದೀಪ ಒಡೆದಿದೆ."

"ತಿರುವಾ?"

"ತಿರುವು. ಒಂದು ಕಡೆ ಪ್ರಪಾತ."

"ಇಷ್ಟು ಜೋರಾಗಿ ತಗೋತಾ ಇದಾನಲ್ಲ, ಮಂಕ. ಎದುರಿಗೆ ಯಾರಾದ್ರೂ ಇದಾರಾ ನೋಡು."

ಡಿಸ್ಕಕ್ಕ ಉರಿಯುವ ಕಣ್ಣನ್ನು ಸೆರಗಿನಲ್ಲಿ ಒತ್ತಿಕೊಂಡು ನೋಡುತ್ತಾರೆ. ಎದುರಿಗೆ ಲಾರಿ ಇದೆ ಎಂದು ಅವರಿಗೆ ಗೊತ್ತು. ಅದು ತೆರೆಗೆ ಬರುವ ತನಕ ತುಟಿ ಬಿಚ್ಚುವುದಿಲ್ಲ. ಒಳಗಿನಿಂದ ಬಂದ ಸೊಸೆ ಚಹಾ ಇಟ್ಟು, "ಸಾಕು ಮಾವ, ಅಕ್ಕನಿಗೆ ಗಂಟಲು ಕಟ್ಟಿದೆ, ಕಣ್ಣೂ ಕೆಂಪಾಗಿದೆ, ಬಿಡಿ ಇವತ್ತಿಗೆ," ಎನ್ನುತ್ತಾರೆ. ಮಾವನ ಕೈ ತಡಕಾಡಿ ರಿಮೋಟು ಹುಡುಕುತ್ತದೆ, ನಿಲ್ಲಿಸಲೆಂದು. ಬಸ್ಸು ಇನ್ನೂ ತಿರುವಿನಲ್ಲೇ ಇದೆ.

"ಬೇಡ ಮಾವ, ಇರ್ಲಿ. ಆ ತಿರುವು ದಾಟ್ಲಿ," ಎನ್ನುತ್ತಾರೆ ಡಿಸ್ಕಕ್ಕ.

ತಿರುವು ದಾಟಿ, ಸಿನಿಮಾ ಮುಗಿದು, ಹೆಸರುಗಳ ಸಾಲೂ ಮುಗಿದ ಮೇಲೆಯೇ ಅವರು ಎದ್ದಿದ್ದು. ಮೆಟ್ಟಿಲಿಳಿಯುವಾಗ ಗೋಡೆಗೆ ಕೈ ಕೊಡುತ್ತಾರೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿಲ್ಲ. ಸೂಟ್‌ಕೇಸು ಇನ್ನೂ ಅರ್ಧ ಹಾಗೇ ಇದೆ. ಗಂಡನಿಗೆ ಕೊಟ್ಟ ಮಾತು, ಡಾಕ್ಟರು ಹೇಳಿದ ಮಾತು ಎರಡೂ ನೆನಪಿವೆ. ದಣಿವಂತೂ ಮೂಳೆಗಿಳಿದಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ.

"ಸುಸ್ತಾಗುತ್ತೆ. ಬಿಟ್ಬಿಡೋಣ ಅನ್ಸುತ್ತೆ ದಿನಾ. ಆದ್ರೆ ಅಂಗಡಿ ಇದ್ದಾಗಿಂದ ಎಷ್ಟು ಜನಕ್ಕೆ ಸಿನಿಮಾ ಕೊಟ್ಟಿದೀನಿ, ಒಬ್ರಾದ್ರೂ 'ನಿನ್ನಿಂದ ಸಿನಿಮಾ ನೋಡಿದೆ' ಅಂದಿದಾರಾ? ಮಾವ ಅಂದ್ರು." ನಿಮಗೇನು ಆಸೆ ಎಂದು ಕೇಳಿದರೆ ನಗು ಬರುತ್ತದೆ ಅವರಿಗೆ.

"ನನಗೂ ಒಂದ್ಸಲ ಯಾರಾದ್ರೂ ಪಕ್ಕದಲ್ಲಿ ಕೂತು ಒಂದು ಸಿನಿಮಾ ಹೇಳ್ಬೇಕು. ನಾನು ಕಣ್ಣು ಮುಚ್ಕೊಂಡು ಕೇಳ್ತೀನಿ. ನಡುವೆ ನಿದ್ದೆ ಬಂದ್ರೆ ಎಬ್ಬಿಸ್ಬಾರ್ದು, ಅಷ್ಟೇ."