ಚೆಲುವಮ್ಮನ ಕಿವಿಗೆ ಸಿಕ್ಕದ ಕಾಯಿಲೆ

ಬೆಳಗಿನ ಆರು ಗಂಟೆ. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ದಾರಿಯ ಕೈಮರದಲ್ಲಿ ಟೀ ಅಂಗಡಿಯ ಒಲೆ ಈಗಷ್ಟೇ ಹೊತ್ತಿಕೊಳ್ಳುತ್ತಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಹೊಗೆ ಹೊಲಗಳ ಮೇಲೆ ತೆಳ್ಳಗೆ ಹರಡಿಕೊಂಡಿದೆ. ಪಕ್ಕದ ತಗಡಿನ ಶೆಡ್ಡಿನ ಮುಂದೆ ಇಷ್ಟು ಹೊತ್ತಿಗಾಗಲೇ ಮೂರು ಬೈಕುಗಳು ಸಾಲು ನಿಂತಿವೆ.

ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಮೊದಲನೇ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಖ ಓರೆ ಮಾಡಿ, ಒದಿ ಎಂದು ಕಣ್ಣಲ್ಲೇ ಸೂಚಿಸುತ್ತಾರೆ. ಡೇರಿಗೆ ಹಾಲು ಹಾಕಲು ಹೊರಟವರು ಕಿಕ್ಕರ್ ಒದೆಯುತ್ತಾರೆ. ಒಂದು, ಎರಡು, ಮೂರು. ಇಂಜಿನ್ ಎದ್ದಂತೆ ಮಾಡಿ ಮತ್ತೆ ಮಲಗುತ್ತದೆ. ಹೆಂಗಸು ಸ್ಪ್ಯಾನರ್ ಮುಟ್ಟುವುದಿಲ್ಲ. ಶೆಡ್ಡಿನೊಳಗಿರುವ ಗಂಡನಿಗೆ ತೋರುಬೆರಳನ್ನು ಎತ್ತಿ ತೋರಿಸುತ್ತಾರೆ, ಅಷ್ಟೆ. ಆತ ಬಂದು ಪ್ಲಗ್ ಬಿಚ್ಚಿದರೆ ಅದು ಮಸಿ ಹಿಡಿದು ಕಪ್ಪಗಿದೆ. ಉಜ್ಜಿ ಹಾಕಲು ಐದು ನಿಮಿಷ. ಹಾಲಿನ ಕ್ಯಾನು ಡೇರಿಯತ್ತ ಓಡುತ್ತದೆ.

ಇವರೇ ಚೆಲುವಮ್ಮ. ವಯಸ್ಸು ನಲವತ್ತೇಳು. ಶೆಡ್ಡಿನ ಬೋರ್ಡಿನ ಮೇಲಿರುವುದು ಗಂಡ ಸಣ್ಣಯ್ಯನವರ ಹೆಸರು. ಆದರೆ ಇಲ್ಲಿ ಗಾಡಿಯ ಕಾಯಿಲೆ ಹಿಡಿಯುವವರು ಯಾರು ಎಂಬುದು ಪಿರಿಯಾಪಟ್ಟಣದ ಕಡೆಯಿಂದ ಬರುವವರಿಗೂ ಗೊತ್ತು. ಗೊತ್ತಿದ್ದೂ ಬಾಯಿಬಿಟ್ಟು ಹೇಳುವವರು ಕಡಿಮೆ. ಹೆಂಗಸೊಬ್ಬಳು ನನ್ನ ಗಾಡಿ ರಿಪೇರಿ ಮಾಡಿದಳು ಎಂದು ಹೇಳಿಕೊಳ್ಳಲು ನಮ್ಮ ಗಂಡಸರ ಮೀಸೆ ಅಡ್ಡ ಬರುತ್ತದೆ.

ಸಣ್ಣಯ್ಯ ಹರೆಯದಲ್ಲಿ ಕೆ.ಆರ್. ನಗರದ ಕಡೆ ಅಕ್ಕಿ ಗಿರಣಿಯೊಂದರಲ್ಲಿ ಹತ್ತು ವರ್ಷ ದುಡಿದವರು. ಅಲ್ಲಿಂದ ಬರುವಷ್ಟರಲ್ಲಿ ಕಿವಿ ಮಂದವಾಗಿತ್ತು. ಬೈಕ್ ರಿಪೇರಿ ಕಲಿತು ಶೆಡ್ಡು ಹಾಕಿದಾಗ ಕೈ ಚಿನ್ನದಂಥ ಕೈ, ಆದರೆ ಇಂಜಿನ್ ಏನು ಹೇಳುತ್ತಿದೆ ಎಂಬುದು ಅವರಿಗೆ ಕೇಳುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಕೊಟ್ಟು ಹೋಗಲು ಬರುತ್ತಿದ್ದ ಚೆಲುವಮ್ಮ ಮೆಲ್ಲಗೆ ಅಲ್ಲೇ ಕೂರತೊಡಗಿದರು. ಕೂತವರು ಗಂಡನ ಕಿವಿಯಾದರು.

“ಟಕಟಕ ಅಂತದೆ ಅಂತ ಕೂಗಿ ಯೋಳುದ್ರೂ ಅವ್ರಿಗೆ ಕೇಳ್ತಿರ್ನಿಲ್ಲ. ಅದ್ಕೆ ಇಂಜಿನ್ ಎಂಗೆ ಬಡ್ಕತದೋ ಅಂಗೇ ಅವ್ರ ಬೆನ್ನ ಮ್ಯಾಲೆ ಬೆರಳಲ್ಲಿ ಬಡ್ದು ತೋರಿಸ್ತಿದ್ದೆ. ಬಡೀತಾ ಬಡೀತಾ ನಂಗೇ ಗೊತ್ತಾಗೋಕೆ ಸುರುವಾಯ್ತು, ಯಾವ ಬಡಿತಕ್ಕೆ ಯಾವ ಕಾಯಿಲೆ ಅಂತ” ಎನ್ನುತ್ತಾರೆ ಚೆಲುವಮ್ಮ.

ಹತ್ತೊಂಬತ್ತು ವರ್ಷಗಳಲ್ಲಿ ಗಂಡ ಹೆಂಡಿರ ನಡುವೆ ಒಂದು ಸನ್ನೆ ಭಾಷೆಯೇ ಬೆಳೆದುಬಿಟ್ಟಿದೆ. ಒಂದು ಬೆರಳೆತ್ತಿದರೆ ಪ್ಲಗ್. ಮುಷ್ಟಿ ಬಿಗಿದರೆ ಕ್ಲಚ್ಚು. ಗಲ್ಲಕ್ಕೆ ಅಂಗೈ ಕೊಟ್ಟು ಕಣ್ಣು ಮುಚ್ಚಿದರೆ ಕಾರ್ಬ್ಯುರೇಟರ್ ನಿದ್ದೆ ಹೊಡೆಯುತ್ತಿದೆ ಎಂದರ್ಥ. ಎರಡೂ ಕೈ ತಲೆಯ ಮೇಲಿಟ್ಟುಕೊಂಡರೆ ಇಂಜಿನ್ ಪೂರ್ತಿ ಬಿಚ್ಚಬೇಕು, ಗಿರಾಕಿ ಬಸ್ಸು ಹಿಡಿಯುವುದು ಒಳ್ಳೆಯದು. ಹಳೆಯ ಗಿರಾಕಿಗಳಿಗೂ ಈ ಸನ್ನೆಗಳು ಪಾಠವಾಗಿವೆ. ಚೆಲುವಮ್ಮನ ಕೈ ತಲೆಯ ಕಡೆ ಏಳತೊಡಗಿದರೆ ಸಾಕು, ಅವರ ಎದೆ ಧಸಕ್ಕೆನ್ನುತ್ತದೆ.

ದಿನಕ್ಕೆ ಹನ್ನೆರಡು, ಹದಿನೈದು ಗಾಡಿ. ಹೊಗೆಸೊಪ್ಪಿನ ಹರಾಜು ಶುರುವಾದರೆ ಇಪ್ಪತ್ತೈದರವರೆಗೂ ಹೋಗುತ್ತದೆ. ಇದರ ಮೇಲೆ ಹತ್ತಾರು ಫೋನು. ಬಿಳಿಕೆರೆಯ ಹತ್ತಿರ ಗಾಡಿ ಕೈಕೊಟ್ಟವರು ಫೋನನ್ನು ಇಂಜಿನ್ ಹತ್ತಿರ ಹಿಡಿಯುತ್ತಾರೆ. ಇತ್ತ ಚೆಲುವಮ್ಮ ಒಗ್ಗರಣೆಯ ಒಲೆ ಆರಿಸಿ ಕೇಳಿಸಿಕೊಳ್ಳುತ್ತಾರೆ. ಮೊದಮೊದಲು ಬಂದವರು ಇವರನ್ನು ದಾಟಿ ಸಣ್ಣಯ್ಯನ ಜೊತೆಗೇ ಮಾತಾಡುತ್ತಿದ್ದರಂತೆ. ಸಣ್ಣಯ್ಯ ಕಿವಿಗೆ ಕೈ ಕೊಟ್ಟು ಹೆಂಡತಿಯ ಮುಖ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವರೂ ಈ ಕಡೆ ತಿರುಗಲೇಬೇಕಿತ್ತು. ಅದನ್ನು ಹೇಳುವಾಗ ಚೆಲುವಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಆದರೆ ಇವತ್ತು ಸಾಲಿನ ಮೂರನೇ ಗಾಡಿಯ ಹತ್ತಿರ ಬಂದೊಡನೆ ಆ ನಗು ನಿಂತುಹೋಗುತ್ತದೆ.

ಗಾಡಿ ಕೇತನದು. ಆರು ಕಿಲೋಮೀಟರ್ ಆಚೆ, ಕಾಡಂಚಿನ ಕಲ್ಲುಮಂಟಿ ಎಂಬ ಗಿರಿಜನರ ಹಾಡಿಯವನು. ಮೂವತ್ತೆರಡರ ಕೇತನ ಕೆಲಸ ವಿಚಿತ್ರವಾದದ್ದು, ದೊಡ್ಡದೂ ಹೌದು. ರಾತ್ರಿ ಕಾಡು ದಾಟಿ ಬಂದ ಆನೆಗಳು ಯಾವ ಹೊಲದಲ್ಲಿ ನಿಂತಿವೆ ಎಂಬುದನ್ನು ಕಾವಲಿನವರಿಂದ ತಿಳಿದು, ಬೆಳಕು ಹರಿಯುವ ಮೊದಲೇ ಐದು ಊರುಗಳಿಗೆ ಸುದ್ದಿ ಮುಟ್ಟಿಸಬೇಕು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಬೈಕೇ ಗತಿ. ಸುದ್ದಿ ತಡವಾದರೆ ಹೊಲಕ್ಕೆ ಹೊರಟವರು ನೇರ ಆನೆಯ ಎದುರಿಗೆ ಹೋಗಿ ನಿಲ್ಲುತ್ತಾರೆ.

ಈ ಗಾಡಿ ಒಂದು ತಿಂಗಳಿಂದ ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತಿದೆ. ಹಾಡಿಯಿಂದ ಒಂಬತ್ತು ಕಿಲೋಮೀಟರ್ ದೂರದ ದೊಡ್ಡ ಮೋರಿ, ಆನೆ ಕಂದಕ ಒಡೆದುಹೋಗಿರುವ ಕಡೆಯೇ. ಎಷ್ಟು ಒದ್ದರೂ ಜಪ್ಪಯ್ಯ ಎನ್ನುವುದಿಲ್ಲ. ಅರ್ಧ ಗಂಟೆಯ ಮೇಲೆ ಏನೂ ಆಗದಂತೆ ಎದ್ದು ಓಡುತ್ತದೆ. ಅಲ್ಲಿಂದಾಚೆ ಊರೂರಿಗೂ ನಿಲ್ಲಿಸುತ್ತಾ ಹೋಗುವಾಗ ಮತ್ತೆ ತಕರಾರಿಲ್ಲ. ಜಾಗದಲ್ಲೇ ಏನೋ ಇದೆ ಎಂದು ಹಾಡಿಯ ಹಿರಿಯರ ಮಾತು. ಹೆಂಡತಿ ಬೊಮ್ಮಮ್ಮ ಮೋರಿಗೆ ಹೋಗಿ ಕಾಯಿಯನ್ನೂ ಒಡೆದು ಬಂದಿದ್ದಾಳೆ.

ಈ ಕಾಯಿಲೆಗೆಂದು ಕೇತ ಇಲ್ಲಿಗೆ ಬಂದದ್ದು ಇದು ಮೂರನೇ ಸಲ; ಇವತ್ತು ಸುದ್ದಿ ಮುಟ್ಟಿಸಲು ಕಾವಲಿನವರಿಗೇ ಹೇಳಿ ಬಂದಿದ್ದಾನೆ. ಮೊದಲ ಸಲ ಚೆಲುವಮ್ಮ ಪ್ಲಗ್ ಬದಲಿಸಲು ಹೇಳಿದರು. ಎರಡನೇ ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ, ಮುಂದಿನ ಊರಿನವರೆಗೂ ತಾವೇ ಓಡಿಸಿ ನೋಡಿ, ಸರಿಯಾಯಿತು ಹೋಗು ಎಂದು ಬೆನ್ನು ತಟ್ಟಿ ಕಳಿಸಿದ್ದರು. ಮಾರನೇ ಬೆಳಿಗ್ಗೆಯೇ ಗಾಡಿ ಮೋರಿಯ ಹತ್ತಿರ ನಿಂತಿತು. ಮುಸುಕಿನ ಜೋಳದ ಹೊಲದಿಂದ ಒಂಟಿಸಲಗ ರಸ್ತೆಗೆ ಹತ್ತಿತು. ಇಪ್ಪತ್ತು ಹೆಜ್ಜೆ ದೂರ. ಕೇತ ಗಾಡಿ ಬಿಟ್ಟು ಮೋರಿಯ ಪೈಪಿನೊಳಗೆ ನುಸುಳಿ ಉಸಿರು ಬಿಗಿಹಿಡಿದು ಮಲಗಿದ.

ಈಗ ಬೊಮ್ಮಮ್ಮ ಒಂದೇ ಮಾತು ಹೇಳಿದ್ದಾಳೆ. ಗಾಡಿ ಈ ಸಲವೂ ಸರಿಹೋಗದಿದ್ದರೆ ಕೆಲಸ ಬಿಡಬೇಕು. ಕೇತನಿಗೆ ಬಿಡಲು ಮನಸ್ಸಿಲ್ಲ. ಐದೂರಿನ ಜನ ಕಾಯುವುದು ತನ್ನ ಗಾಡಿಯ ಸದ್ದಿಗೆ ಎಂಬ ಹೆಮ್ಮೆ ಅವನದು.

“ಅಕ್ಕ, ನೀವು ಆಗಕಿಲ್ಲ ಅಂದ್ಬುಡಿ. ನಾ ಬೇಜಾರು ಮಾಡ್ಕಳಕಿಲ್ಲ” ಎನ್ನುತ್ತಾನೆ ಕೇತ.

ಚೆಲುವಮ್ಮ ಸರಿಯಾಯಿತು ಎಂದ ಮಾತನ್ನು ನಂಬಿ ಈ ಹುಡುಗ ಆನೆಯ ಬಾಯಿಗೆ ಹೋಗಿ ಬಂದಿದ್ದಾನೆ. ಆ ಸುದ್ದಿ ಕೇಳಿದ ದಿನದಿಂದ ಹೆಂಡತಿ ಸರಿಯಾಗಿ ಉಂಡಿಲ್ಲ ಎಂದು ಸಣ್ಣಯ್ಯ ಹೇಳುತ್ತಾರೆ. ಕೊನೆಗೆ ಚೆಲುವಮ್ಮ ಸ್ಪ್ಯಾನರ್‌ಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ಕೇತನನ್ನು ಕಲ್ಲಿನ ಮೇಲೆ ಕೂರಿಸಿ, ಎದ್ದಾಗಿನಿಂದ ಗಾಡಿಗೆ ಏನೇನು ಮಾಡುತ್ತೀಯೋ ಅಷ್ಟೂ ಹೇಳು ಎನ್ನುತ್ತಾರೆ. ಅವನು ಹೇಳುತ್ತಾನೆ. ಬ್ಯಾಟರಿ ಬೆಳಕಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡುತ್ತಾನೆ, ಮುಚ್ಚುತ್ತಾನೆ, ಒದೆಯುತ್ತಾನೆ, ಹೊರಡುತ್ತಾನೆ. ಎಲ್ಲೂ ನಿಲ್ಲಿಸುವುದಿಲ್ಲ. ನಿಲ್ಲುವುದು ಮೋರಿಯಲ್ಲೇ.

ಇದ್ದಕ್ಕಿದ್ದಂತೆ ಚೆಲುವಮ್ಮನ ಮುಖ ಬೆಳಗುತ್ತದೆ. ಗಾಡಿಗೆ ಮೋರಿ ಯಾವುದು ಎಂದು ಹೇಗೆ ಗೊತ್ತು? ಗೊತ್ತಾದರೆ ಓಡಿದ ದೂರ ಗೊತ್ತಾದೀತು, ಜಾಗವಲ್ಲ. ಕಾಡಿನ ದಾರಿ ಬೇಡ, ಅದಕ್ಕೆ ಬೆನ್ನು ಹಾಕಿ ಹುಣಸೂರಿನ ಕಡೆ ಹೋಗೋಣ, ಒಂಬತ್ತು ಕಿಲೋಮೀಟರಿಗೆ ಏನಾಗುತ್ತದೋ ನೋಡೋಣ ಎಂದು ಎದ್ದೇಬಿಡುತ್ತಾರೆ. ಅಭ್ಯಾಸದಂತೆ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಅಲ್ಲಾಡಿಸಿ ನೋಡಿ, ಮುಚ್ಚಿ, ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿ ಗಾಡಿ ಏರುತ್ತಾರೆ. ಹಿಂದೆ ಕೇತ. ಸಣ್ಣಯ್ಯ ತಮ್ಮ ಹಳೆಯ ಮೊಪೆಡ್ಡಿನಲ್ಲಿ ಬೆನ್ನು ಹತ್ತುತ್ತಾರೆ.

ಗಾಡಿ ಚೆನ್ನಾಗಿಯೇ ಓಡುತ್ತದೆ. ಐದನೇ ಕಲ್ಲು, ಆರನೇ ಕಲ್ಲು. ಏಳನೇ ಕಲ್ಲು. ಎಂಟು ದಾಟಿ ಸ್ವಲ್ಪ ದೂರಕ್ಕೆ ಇಂಜಿನ್ ಒಮ್ಮೆ ಮುಗ್ಗರಿಸುತ್ತದೆ, ಸುಧಾರಿಸಿಕೊಳ್ಳುತ್ತದೆ, ಮತ್ತೆ ಮುಗ್ಗರಿಸುತ್ತದೆ. ಒಂಬತ್ತನೇ ಕಲ್ಲು ಇನ್ನು ಹತ್ತು ಮಾರಿದೆ ಎನ್ನುವಾಗ ನಿಂತೇಹೋಗುತ್ತದೆ. ಅತ್ತಿತ್ತ ಬರೀ ಹೊಗೆಸೊಪ್ಪಿನ ಬಯಲು. ಕಾಡಿಲ್ಲ, ಕಂದಕವಿಲ್ಲ, ಮೋರಿಯಿಲ್ಲ.

“ನಿಂತ್ಕತು ಕಣ್ಲಾ ಕೇತ, ನಿಂತ್ಕತು” ಎಂದು ಚೆಲುವಮ್ಮ ರಸ್ತೆಯಲ್ಲೇ ಎರಡು ಕೈ ತಟ್ಟುತ್ತಾರೆ. ಗಾಡಿ ಕೆಟ್ಟು ನಿಂತದ್ದಕ್ಕೆ ಮೆಕ್ಯಾನಿಕ್ಕೂ ಮಾಲೀಕನೂ ಹೀಗೆ ಕುಣಿದಾಡುವುದನ್ನು ಸೊಪ್ಪು ಮುರಿಯುತ್ತಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ. ಮೋರಿಯ ಜಾಗದಲ್ಲಿ ಏನೂ ಇಲ್ಲ, ಇರುವುದು ಗಾಡಿಯಲ್ಲೇ ಎಂಬುದು ಸಾಬೀತಾಗಿದೆ. ಇದಕ್ಕಿಂತ ಖುಷಿಯ ಸುದ್ದಿ ಕೇತನಿಗೆ ಒಂದು ತಿಂಗಳಿಂದ ಸಿಕ್ಕಿರಲಿಲ್ಲ.

ಚೆಲುವಮ್ಮನ ಕೈ ತನ್ನಷ್ಟಕ್ಕೇ ಟ್ಯಾಂಕಿನ ಮುಚ್ಚಳಕ್ಕೆ ಹೋಗುತ್ತದೆ. ಬೀಗ ತಿರುಗಿಸಿದ್ದೇ ತಡ, ಒಳಗಿನಿಂದ ಸುಯ್ ಎಂದು ಒಂದು ಸದ್ದು. ಟ್ಯಾಂಕು ಗಾಳಿ ಎಳೆದುಕೊಂಡ ಸದ್ದು. ಚೆಲುವಮ್ಮ ಮುಚ್ಚಳ ಮುಚ್ಚಿ, ಒದಿ ಎಂದು ಕೇತನಿಗೆ ಹೇಳುತ್ತಾರೆ. ದಿನಾ ಅರ್ಧ ಗಂಟೆ ಕಾಡುತ್ತಿದ್ದ ಗಾಡಿ ಒಂದೇ ಒದೆತಕ್ಕೆ ಏಳುತ್ತದೆ.

ಮುಚ್ಚಳವನ್ನು ಬಿಸಿಲಿಗೆ ಹಿಡಿದು ಹೇರ್‌ಪಿನ್ನಿನಿಂದ ಕೆರೆದಾಗ, ಮಣ್ಣು ಮೆತ್ತಿದೆ ಎಂದುಕೊಂಡಿದ್ದ ಕಡೆ ಹಳದಿ ಬಣ್ಣ ಕಾಣುತ್ತದೆ. ಜೇನುಮೇಣ. ಗಾಳಿಯಾಡಲೆಂದು ಇರುವ ಸೂಜಿಮೊನೆಯಷ್ಟು ತೂತನ್ನು ಯಾರೋ ಚೆನ್ನಾಗಿ ಮೆತ್ತಿ ಮುಚ್ಚಿದ್ದಾರೆ.

“ಎಣ್ಣೆ ಡಬ್ಬಕ್ಕೆ ಒಂದೇ ತೂತು ಒಡುದ್ರೆ ಎಣ್ಣೆ ಗುಳುಗುಳು ಅಂತ ನಿಂತ್ಕತದೆ. ಗಾಳಿ ಓಗಕ್ಕೆ ಇನ್ನೊಂದು ತೂತು ಬೇಕು. ಇದೂ ಅಂಗೇಯ. ಗಾಳಿ ಇಲ್ದೆ ಪೆಟ್ರೋಲ್ ಕೆಳಕ್ಕೆ ಇಳೀತಿಲ್ಲ” ಎಂದು ವಿವರಿಸುವಾಗ ಚೆಲುವಮ್ಮನ ಧ್ವನಿ ಮೆಲ್ಲಗಾಗುತ್ತದೆ. ಏಕೆಂದರೆ ಉಳಿದದ್ದೆಲ್ಲ ಅವರಿಗೆ ಒಟ್ಟಿಗೆ ಹೊಳೆದಿದೆ. ಯಾವ ಗಾಡಿ ಬಂದರೂ ಅವರು ಮೊದಲು ಮಾಡುವುದು ಮುಚ್ಚಳ ತೆಗೆದು ಪೆಟ್ರೋಲ್ ನೋಡುವುದು. ತೆಗೆದ ಕ್ಷಣಕ್ಕೇ ಗಾಳಿ ಒಳಗೆ ಹೋಗಿ ಕಾಯಿಲೆ ಮಾಯ. ವಾಸಿಯಾದ ಗಾಡಿಗೆ ಕಿವಿ ಕೊಟ್ಟು ಎರಡು ಸಲ ಕಾಯಿಲೆ ಹುಡುಕಿದ್ದರು. ದಿನಾ ಬೆಳಿಗ್ಗೆ ಕೇತನೂ ಅದನ್ನೇ ಮಾಡಿ ಹೊರಡುತ್ತಿದ್ದರಿಂದ ಗಾಡಿ ಸರಿಯಾಗಿ ಅಷ್ಟೇ ದೂರಕ್ಕೆ ನಿಲ್ಲುತ್ತಿತ್ತು. ಅರ್ಧ ಗಂಟೆ ನಿಂತರೆ ವಾಷರಿನ ಸಂದಿಯಿಂದ ಗಾಳಿ ಮೆಲ್ಲಗೆ ನುಸುಳಿ ಮತ್ತೆ ಏಳುತ್ತಿತ್ತು, ಮುಂದೆ ಊರೂರಿಗೂ ನಿಲ್ಲಿಸುವಾಗಲೂ ಹಾಗೆಯೇ.

ಮೇಣ ಮೆತ್ತಿದವರು ಯಾರು ಎಂದು ತಿಳಿಯಲು ಹಾಡಿಗೇ ಹೋಗಬೇಕಾಗುತ್ತದೆ. ಮುಚ್ಚಳ ನೋಡಿದ ಬೊಮ್ಮಮ್ಮ ತಾನೇ ಎಂದು ತಕ್ಷಣ ಒಪ್ಪಿಕೊಳ್ಳುತ್ತಾಳೆ. ಆಷಾಢದ ಮಳೆಯಲ್ಲಿ ಪೆಟ್ರೋಲಿಗೆ ನೀರಿಳಿದು ಗಾಡಿ ಕೆಟ್ಟಿತ್ತು. ಆಗ ಮುಚ್ಚಳಕ್ಕೆ ಬಿಗಿಯಾದ ಹೊಸ ವಾಷರ್ ಹಾಕಿ, ಇನ್ನು ಒಂದು ಹನಿಯೂ ಒಳಗೆ ಹೋಗದಂತೆ ನೋಡಿಕೋ ಎಂದು ಕೇತನಿಗೆ ಹೇಳಿ ಕಳಿಸಿದವರು ಚೆಲುವಮ್ಮ. ಗಂಡ ಬಂದು ಹೇಳಿದ್ದನ್ನು ಬೊಮ್ಮಮ್ಮ ಶಿರಸಾ ಪಾಲಿಸಿದ್ದಳು. ಶ್ರಾವಣದಲ್ಲಿ ಮತ್ತೆ ಮಳೆ ಹಿಡಿದಾಗ, ಮನೆಯಲ್ಲಿದ್ದ ಮೇಣ ಕಾಸಿ ತೂತು ಕಂಡಲ್ಲೆಲ್ಲ ತುಂಬಿದ್ದಳು.

“ನಾನೇ ನನ್ ಗಂಡನ್ನ ಆನೆ ಮುಂದೆ ನಿಲ್ಸಿದ್ನಾ ಅಕ್ಕ?” ಎಂದು ಬೊಮ್ಮಮ್ಮ ಕೇಳುತ್ತಾಳೆ. ಅವಳ ಕಣ್ಣುಗಳು ತುಂಬಿವೆ.

“ಇಲ್ಲ ಕಣವ್ವ. ನಾನು ಅರ್ಧ ಯೋಳಿದ್ದೆ, ನೀನು ಪೂರ್ತಿ ಮಾಡಿದ್ದೆ” ಎಂದು ಚೆಲುವಮ್ಮ ಅವಳ ಕೈ ಹಿಡಿದುಕೊಳ್ಳುತ್ತಾರೆ. ಸರಿಯಾಯಿತು ಎಂದು ಈ ಸಲ ಅವರು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ನಾನೂ ಬರುತ್ತೇನೆ ಎನ್ನುತ್ತಾರೆ.

ಮಾರನೇ ದಿನ, ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಹಾಡಿಯ ಮುಂದೆ ಕೇತನ ಗಾಡಿ ಸದ್ದು ಮಾಡುತ್ತಿದೆ. ಹಿಂದಿನ ಸೀಟಿನಲ್ಲಿ ಚೆಲುವಮ್ಮ. ಕಾವಲಿನವರ ಸುದ್ದಿ ಬಂದಿದೆ: ಮೋರಿಯಾಚೆಯ ಜೋಳದ ಹೊಲದಲ್ಲಿ ಮೂರು ಆನೆ. ಬೊಮ್ಮಮ್ಮ ಬಾಗಿಲ ಬಳಿ ನಿಂತವಳು ಕದಲುವುದಿಲ್ಲ.

ಏಳು ಕಿಲೋಮೀಟರ್. ಎಂಟು. ಚೆಲುವಮ್ಮ ಬಗ್ಗಿ ಕಿವಿಯನ್ನು ಇಂಜಿನ್‌ಗೇ ಕೊಟ್ಟಿದ್ದಾರೆ. ಮೋರಿ ಕಾಣುತ್ತದೆ. ಜೋಳದ ತೆನೆಗಳ ಮೇಲೆ ಮೂರು ಕಪ್ಪು ಬೆನ್ನುಗಳೂ ಕಾಣುತ್ತವೆ, ಒಂದು ಈ ಕಡೆಗೇ ಸೊಂಡಿಲು ಎತ್ತುತ್ತದೆ. ಗಾಡಿ ಮುಗ್ಗರಿಸುವುದಿಲ್ಲ, ಕೆಮ್ಮುವುದಿಲ್ಲ. ಹೋಗುವ ದಾರಿ ಇದೇ ಎಂಬಂತೆ ಮೋರಿ ದಾಟಿ ಓಡುತ್ತದೆ. ಮೊದಲ ಊರಿನಲ್ಲಿ ನೇಗಿಲು ಹೊತ್ತು ಹೊರಟಿದ್ದ ಇಬ್ಬರು ಕೇತನ ಕೂಗು ಕೇಳಿ ಎತ್ತುಗಳನ್ನು ಹಿಂದಕ್ಕೆ ತಿರುಗಿಸುತ್ತಾರೆ. ಅದನ್ನು ನೋಡಿದಾಗ ಚೆಲುವಮ್ಮನಿಗೆ ಅಳುವೇ ಬಂದುಬಿಡುತ್ತದೆ. ಕೇತನಂತೂ ಐದನೇ ಊರಿನವರೆಗೂ ನಗುತ್ತಲೇ ಗಾಡಿ ಓಡಿಸುತ್ತಾನೆ.

ವಾಪಸು ಬಂದವನಿಗೆ ಬೊಮ್ಮಮ್ಮ ಕೆಲಸ ಬಿಡುವ ಮಾತನ್ನೇ ಎತ್ತುವುದಿಲ್ಲ. ನಾಳೆ ಎಷ್ಟು ಹೊತ್ತಿಗೆ ಎಬ್ಬಿಸಲಿ ಎಂದಷ್ಟೇ ಕೇಳುತ್ತಾಳೆ.

ಶೆಡ್ಡಿನ ಮುಂದೆ ಅಷ್ಟರಲ್ಲಿ ನಾಲ್ಕು ಗಾಡಿ ಕಾಯುತ್ತಿವೆ. ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ ಚೆಲುವಮ್ಮನನ್ನು, ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಬೇಕು ಎಂದು ಕೇಳಿದರೆ ಅವರು ಸ್ವಲ್ಪ ಯೋಚಿಸಿ ಹೇಳುತ್ತಾರೆ:

“ಚೆಲುವಮ್ಮಂಗೆ ಎಲ್ಲಾ ಗೊತ್ತು ಅಂತ ಮಾತ್ರ ಬರೀಬ್ಯಾಡಿ. ಎಲ್ಡು ಸತಿ ತಪ್ಪು ಯೋಳಿ ಕಳಿಸಿದ್ಲು ಅಂತ್ಲೇ ಬರೀರಿ. ಮೂರ್ನೇ ಸತಿ ಬರೀ ಬಾಯಲ್ಲಿ ಯೋಳ್ದೆ, ಅವ್ನ ಬೆನ್ನಿಂದೆ ಕೂತ್ಕಂಡು ತಾನೂ ಮೋರಿ ದಾಟಿದ್ಲು, ಅದ್ನೂ ಬರೀರಿ.”