ಕಾಕಾ ನಮ್ಮನ್ನು ಹಡಗು ಹತ್ತಿಸಿದ್ದು

ಎಪ್ಪತ್ತರ ದಶಕದ ನಡುವಿನ ಒಂದು ಮೇ ತಿಂಗಳಲ್ಲಿ ನಮ್ಮ ಕಾಕಾ ನನ್ನನ್ನೂ ಅಣ್ಣನನ್ನೂ ಪಣಜಿಯಿಂದ ಮುಂಬೈಗೆ ಹಡಗಿನಲ್ಲಿ ಕರೆದುಕೊಂಡು ಹೋದ. ನನಗೆ ಹದಿನಾರು, ಅಣ್ಣನಿಗೆ ಹದಿನೇಳು. ಅವನು ಒಂದು ಸಲ ನಪಾಸಾಗಿದ್ದರಿಂದ ಇಬ್ಬರೂ ಒಟ್ಟಿಗೇ ಮ್ಯಾಟ್ರಿಕ್ ಬರೆದಿದ್ದೆವು. ಜೂನಿನಲ್ಲಿ ಇಬ್ಬರೂ ಧಾರವಾಡದ ಕಾಲೇಜಿಗೆ ಹೋಗುವುದೆಂದು ಮಾತಾಗಿತ್ತು. ನನ್ನನ್ನೂ ಕಳಿಸಬೇಕೆಂದು ಅಪ್ಪನ ಜೊತೆ ವಾದಿಸಿ ಗೆದ್ದವನು ಕಾಕಾನೇ.

ಕಾಕಾ ಅಂದರೆ ಅಪ್ಪನ ತಮ್ಮ. ಬೈಲಹೊಂಗಲದ ಒಂದು ಅರಳೆ ಅಂಗಡಿಯಲ್ಲಿ ಗುಮಾಸ್ತ. ಪ್ರತಿ ಶನಿವಾರ ಮುನವಳ್ಳಿಯ ನಮ್ಮ ಮನೆಗೆ ಬರುತ್ತಿದ್ದ. ಮೂವತ್ತು ದಾಟಿದರೂ ಲಗ್ನವಾಗಿರಲಿಲ್ಲ. ತೋರಿಸಿದ ಹೆಣ್ಣಿಗೆಲ್ಲ ಏನಾದರೊಂದು ಕೊರತೆ ಹೇಳುತ್ತಿದ್ದ. ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಅದೇ ಚಿಂತೆ. ಅವನು ಎಲ್ಲಿಗೆ ಹೊರಟರೂ ಯಾಕೆ, ಯಾರ ಜೊತೆ ಎಂದು ಕೇಳದೆ ಬಿಡುತ್ತಿರಲಿಲ್ಲ.

"ಇಷ್ಟು ದೊಡ್ಡ ಹುಡುಗೀನ ಅಷ್ಟು ದೂರ ಯಾಕ ಒಯ್ಯತಿ?" ಎಂದು ಅಪ್ಪ ಕೇಳಿದ್ದ.

"ನಾ ಇರತೇನಲ್ಲೋ ಅಣ್ಣಾ. ನಾಳೆ ಹಾಸ್ಟೆಲ್ಲಿಗೆ ಕಳಸಾಂವ ನೀ. ಈಗ ಅಂಜಿದ್ರ ಹೆಂಗ? ಸೂಟಿಯೊಳಗ ಮುಂಬೈ ತೋರಿಸಿಕೊಂಡು ಬರತೇನಿ" ಎಂದ ಕಾಕಾ. ಆಮೇಲೆ ನಮ್ಮತ್ತ ತಿರುಗಿ, "ಹಡಗಿನ್ಯಾಗ ನಿಮ್ಮ ವಯಸ್ಸಿನವರಿಗೆ ಅಂತನ ಒಂದು ಖೋಲಿ ಇರತೈತಿ. ಕೇರಂ ಐತಿ, ಪುಸ್ತಕ ಅದಾವು, ಸಂಜಿಮುಂದ ಸಿನೆಮಾನೂ ತೋರಸ್ತಾರ" ಎಂದ. ಮಲಪ್ರಭಾ ಡ್ಯಾಮಿನ ನೀರು ಬಿಟ್ಟರೆ ಬೇರೆ ದೊಡ್ಡ ನೀರು ಕಾಣದ ನಾವು ಹದಿನೈದು ದಿನ ಅದೇ ಮಾತು ಆಡಿದೆವು.

ಹಡಗಿನಲ್ಲಿ ಅಂಥ ಖೋಲಿ ಇರಲಿಲ್ಲ. ಕೆಳಗಿನ ಅಂತಸ್ತಿನ ತುಂಬ ಜನ ಚಾಪೆ, ಜಮಖಾನೆ ಹಾಸಿ ಜಾಗ ಹಿಡಿದಿದ್ದರು. ಸಣ್ಣ ಮಕ್ಕಳು ಟ್ರಂಕುಗಳ ನಡುವೆ ಓಡಾಡುತ್ತಿದ್ದವು, ಹೆಂಗಸರು ಡಬ್ಬಿ ಬಿಚ್ಚುತ್ತಿದ್ದರು, ಗಂಡಸರು ಇಸ್ಪೀಟು ಹಾಕಿದ್ದರು. ಓಡಿ ಆಡುವ ವಯಸ್ಸೂ ಅಲ್ಲ, ಸುಮ್ಮನೆ ಕೂತು ಮಾತಾಡುವ ವಯಸ್ಸೂ ಅಲ್ಲ ನಮ್ಮದು. ಕೇರಂ ಎಲ್ಲಿದೆ ಎಂದು ಅಣ್ಣ ಒಬ್ಬ ಖಲಾಸಿಯನ್ನು ಕೇಳಿದ. ಅವನು ನಕ್ಕು, ಮರಾಠಿಯಲ್ಲಿ, ಇದು ಮುಂಬೈಗೆ ಹೋಗುವ ಹಡಗು, ಆಟದ ಮನೆಯಲ್ಲ ಎಂದ. ಅಣ್ಣನ ಮುಖ ಕೆಂಪಾಯಿತು. ಸ್ವಲ್ಪ ಹೊತ್ತಿನಲ್ಲಿ ಅವನು ಇಸ್ಪೀಟಿನವರ ಬೆನ್ನ ಹಿಂದೆ ನಿಂತ. ಮಧ್ಯಾಹ್ನದ ಹೊತ್ತಿಗೆ ಅವರ ನಡುವೆಯೇ ಕೂತಿದ್ದ.

ನನಗೆ ಅದೂ ಇರಲಿಲ್ಲ. ಕಾಕಾನ ಹತ್ತಿರ ಹೋದರೆ, "ಇಲ್ಲಿ ಯಾಕ ಕುಂದರತಿ? ಹೋಗು, ಅಡ್ಡಾಡಿ ಬಾ" ಎನ್ನುತ್ತಿದ್ದ. ಅಡ್ಡಾಡಿದೆ. ಒಂದು ಊರಿನ ಎದುರು ಹಡಗು ದೂರದಲ್ಲೇ ನಿಂತು, ದೋಣಿಗಳಲ್ಲಿ ಬಂದ ಜನರನ್ನು ಹತ್ತಿಸಿಕೊಂಡಿತು. ಅದನ್ನು ನೋಡಿದ ಮೇಲೆ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಬೇಸರ ತಡೆಯದೆ ಮೇಲಿನ ಅಂತಸ್ತಿಗೆ ಹತ್ತಿದೆ.

ಅಲ್ಲಿ ಕಾಕಾ ಒಬ್ಬ ಹೆಂಗಸಿನ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದ. ಸುಲಿದ ಒಂದೊಂದೇ ತೊಳೆಯನ್ನು ಅವರ ಅಂಗೈಯಲ್ಲಿ ಇಡುತ್ತಿದ್ದ. ನನಗೆ ಅವರ ಗುರುತು ಹತ್ತಿತು. ಸವದತ್ತಿಯ ದವಾಖಾನೆಯ ನರ್ಸ್ ಬಾಯಿ. ಎರಡು ವರ್ಷದ ಹಿಂದೆ ನನಗೆ ವಿಷಮಜ್ವರ ಬಂದಾಗ ನನ್ನನ್ನು ನೋಡಿಕೊಂಡವರು ಅವರೇ. ಆಗ ದಿನಾ ಊಟದ ಡಬ್ಬಿ ತರುತ್ತಿದ್ದವನು ಕಾಕಾ. ಬೌದ್ಧ ಧರ್ಮಕ್ಕೆ ಸೇರಿದ ದಲಿತ ಮನೆತನ ಅವರದು ಎಂಬ ಕಾರಣಕ್ಕೆ, ಅವರು ಕೊಟ್ಟ ಚಹಾವನ್ನು ಆಯಿ ಮುಟ್ಟಿರಲಿಲ್ಲ. ಅದೂ ನೆನಪಿತ್ತು ನನಗೆ.

ಬಾಯಿ ನನ್ನನ್ನು ನೋಡಿ ಎದ್ದು ನಿಂತು ಕೈ ಹಿಡಿದರು. "ಬಾರವಾ. ಬೆಳಗಿನಿಂದ ಕಾಯಾಕ ಹತ್ತೇನಿ. ಈ ಲಗ್ನಕ್ಕ ನೀವಿಬ್ಬರರ ಒಪ್ಪಿ ಬಂದ್ರಲ್ಲ, ನನಗ ಅಷ್ಟು ಸಾಕು."

ನಾನು ಕಾಕಾನ ಮುಖ ನೋಡಿದೆ. ಅವನು ಕೈಯಲ್ಲಿದ್ದ ಸಿಪ್ಪೆ ನೋಡುತ್ತಿದ್ದ.

"ಯಾರ ಲಗ್ನ?" ಎಂದೆ.

ಬಾಯಿಯ ಕೈ ಸಡಿಲಾಯಿತು. "ಹುಡುಗ್ರಿಗೆ ಎಲ್ಲಾ ಹೇಳೇನಿ ಅಂದಿದ್ರಿ?" ಎಂದು ಕಾಕಾನನ್ನು ಕೇಳಿದರು. ಅವನು ಸಿಪ್ಪೆಯನ್ನು ನೀರಿಗೆ ಎಸೆದ. ಅವರು ನಮ್ಮಿಬ್ಬರಿಗೂ ಬೆನ್ನು ಮಾಡಿ ಸಮುದ್ರದ ಕಡೆ ತಿರುಗಿ ನಿಂತರು.

ಕಾಕಾ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದ. "ಒಬ್ಬನ ಹೊಂಟಿದ್ರ ಆಯಿ ಬಿಡತಿದ್ದಿಲ್ಲ. ನೀವು ಜೋಡಿ ಇದ್ರ ಯಾರಿಗೂ ಸಂಶೇ ಬರೂದಿಲ್ಲ. ಮತ್ತ ಆಕಿ ಮಂದಿ ಮುಂದ ನನ್ನ ಕಡಿಯವ್ರು ಅಂತ ಯಾರರ ಬೇಕಲ್ಲ. ನೀ ಶಾಣ್ಯಾಕಿ ಇದ್ದಿ, ತಿಳ್ಕೋ. ನಿಮ್ಮ ಅಣ್ಣಗ ಈಗ ಹೇಳಬ್ಯಾಡ, ಅಂವ ಗದ್ದಲ ಮಾಡ್ತಾನ."

ನಾನು ಹೇಳಲಿಲ್ಲ. ಅಷ್ಟಾದರೂ ಅವನು ನನ್ನನ್ನು ನಂಬಿದ ಎಂದು ಒಳಗೊಳಗೆ ಹೆಮ್ಮೆಪಟ್ಟೆ. ಈಗ ನೆನೆದರೆ ಆ ಹೆಮ್ಮೆಗೇ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಮುಂಬೈಯಲ್ಲಿ ಬಾಯಿಯ ಅಣ್ಣ ಇದ್ದ ಚಾಳಿನ ಖೋಲಿಯಲ್ಲಿ ಇಳಿದೆವು. ಅದು ಗೆಳೆಯನ ಮನೆ ಎಂದು ಕಾಕಾ ನಮ್ಮ ಅಣ್ಣನಿಗೆ ಹೇಳಿದ. ಅವನಿಗೆ ನಿಜ ಗೊತ್ತಾದದ್ದು ಲಗ್ನದ ದಿನ, ಲಗ್ನ ನೋಂದಾಯಿಸುವ ಕಚೇರಿಯ ಹೊರಗಿನ ಬಾಕಿನ ಮೇಲೆ ಕೂತಾಗ. ಅವನು ಕಾಕಾನನ್ನು ಬಿಟ್ಟು ನನ್ನತ್ತ ತಿರುಗಿದ. "ನಿನಗ ಹಡಗಿನ್ಯಾಗ ಗೊತ್ತಿತ್ತು?" ಎಂದು ನನ್ನನ್ನು ಕೇಳಿದ. ಹೌದೆಂದೆ. ಊರಿಗೆ ಬರುವತನಕ ನನ್ನ ಜೊತೆ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಕಾಕಾ ಒಂದು ಲಕೋಟೆ ಕೊಟ್ಟು, "ಇದನ್ನ ಅಪ್ಪನ ಕೈಯಾಗನ ಕೊಡ್ರಿ" ಎಂದು ನಮ್ಮಿಬ್ಬರನ್ನೇ ರೈಲು ಹತ್ತಿಸಿದ. ತಾನು ಬರಲಿಲ್ಲ.

ಅಪ್ಪ ಆ ಪತ್ರವನ್ನು ಪಡಸಾಲೆಯಲ್ಲಿ ನಿಂತೇ ಓದಿದ. ಒಂದು ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದ: "ಮಕ್ಕಳಿಗೆ ಮೊದಲಿನಿಂದಲೂ ಎಲ್ಲ ತಿಳಿದಿದೆ, ಅವರ ಒಪ್ಪಿಗೆಯೂ ಇದೆ."

ಆಯಿ ನೆಲಕ್ಕೆ ಕೂತಳು. "ನೀವ ಹೋಗಿ ಲಗ್ನಾ ಮಾಡಿಸಿಕೊಂಡು ಬಂದ್ರ್ಯಾ?"

"ನನಗೇನೂ ಗೊತ್ತಿದ್ದಿಲ್ಲ. ಆಕಿಗೆ ಗೊತ್ತಿತ್ತು. ಕೇಳ್ರಿ ಬೇಕಾದ್ರ" ಎಂದ ಅಣ್ಣ.

ಅವನು ಹೇಳಿದ್ದು ಸುಳ್ಳಲ್ಲ. ಹಡಗಿನಲ್ಲಿ ಆದದ್ದನ್ನು ನಾನು ಬಿಡಿಸಿ ಹೇಳತೊಡಗಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಕಾಲೇಜಿನ ಅರ್ಜಿ ಎರಡನ್ನೂ ಗೂಡಿನಿಂದ ತೆಗೆದು, ನನ್ನದನ್ನು ಹರಿದ. "ಹೊರಗ ಬಿಟ್ರ ಏನ ಕಲೀತಿ ಅಂತ ತಿಳೀತು" ಎಂದ. ಜೂನಿನಲ್ಲಿ ಅಣ್ಣ ಒಬ್ಬನೇ ಧಾರವಾಡಕ್ಕೆ ಹೋದ. ಅವನ ಹಾಸಿಗೆ ಕಟ್ಟಿಕೊಟ್ಟವಳು ನಾನು.

ಕಾಕಾನಿಗೆ ಒಂದು ಪತ್ರ ಬರೆದೆ. ಉತ್ತರ ಬರೆದವರು ನರ್ಸ್ ಬಾಯಿ. ನಿಮ್ಮ ಒಪ್ಪಿಗೆ ಇದೆಯೆಂದು ನಂಬಿಯೇ ನಾನೂ ಹಡಗು ಹತ್ತಿದೆ, ತಪ್ಪಾಯಿತು, ಓದು ಬಿಡಬೇಡ ಎಂದು ಬರೆದಿದ್ದರು. ಮೂರು ವರ್ಷ ಅಂಗಳ, ಒಲೆ ಎಂದು ಕಳೆದೆ. ಬಾಯಿ ಆಗಾಗ ಪುಸ್ತಕ ಕಳಿಸುತ್ತಿದ್ದರು. ಅವ್ವ ಅವನ್ನು ಅಪ್ಪನಿಗೆ ಕಾಣದಂತೆ ಇಟ್ಟು ಕೊಡುತ್ತಿದ್ದಳು. ಕೊನೆಗೆ ಅವ್ವನೇ ಹಟ ಹಿಡಿದು ನನ್ನನ್ನು ಶಿಕ್ಷಕಿಯರ ತರಬೇತಿಗೆ ಸೇರಿಸಿದಳು. ಎಂಬತ್ತರ ದಶಕದ ಆರಂಭದಲ್ಲಿ ಯರಗಟ್ಟಿ ಹತ್ತಿರದ ಒಂದು ಸಾಲೆಯಲ್ಲಿ ನೌಕರಿ ಸಿಕ್ಕಿತು.

ಹಲವು ವರ್ಷಗಳ ಮೇಲೆ ಕಾಕಾ ಒಂದು ದಿನ ಸಾಲೆಗೇ ಬಂದ. ಕೂದಲು ಬೆಳ್ಳಗಾಗಿತ್ತು. "ಇನ್ನೂ ಸಿಟ್ಟೈತೇನು?" ಎಂದ.

"ಪಣಜಿ ಬಸ್ಸು ಹತ್ತೂ ಮುಂದ ಬೆಳಗಾವಿ ಸ್ಟ್ಯಾಂಡಿನ್ಯಾಗ ಖರೇ ಹೇಳಿದ್ರ ನಾ ಬರತಿದ್ದೆ ಕಾಕಾ. ಅಪ್ಪನ ಮುಂದ ನಿಂತು ಹೌದು ಅಂತಲೂ ಹೇಳತಿದ್ದೆ."

"ಬರತಿದ್ದಿಲ್ಲ ಅಂತ ಅಂಜಿದೆ" ಎಂದ.

"ಕೇಳಿದ್ರ ಗೊತ್ತಾಗತಿತ್ತು."

ಅವನು ತಲೆ ತಗ್ಗಿಸಿದ. ಬಾಯಿ ಹೇಗಿದ್ದಾರೆ ಎಂದು ಕೇಳಿದೆ, ಹೇಳಿದ. ಚಹಾ ತರಿಸಿದೆ, ಕುಡಿದ. ಬಸ್ಸಿನವರೆಗೆ ಹೋಗಿ ಬಿಟ್ಟು ಬಂದೆ. ಸಿಟ್ಟಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅವನು ಅದಕ್ಕಾಗಿಯೇ ಅಷ್ಟು ದೂರ ಬಂದಿದ್ದ. ಆ ಮಾತು ನನ್ನಿಂದ ಹೊರಡಲಿಲ್ಲ.